ಡಿಕ್ರಿ ಬೀರುವಿನಲ್ಲಿದೆ, ಬಾಡಿಗೆ ಎಲ್ಲಿದೆ?

ನಮ್ಮ ಹಿಂದಿನ ಬೀದಿಯಲ್ಲಿ ಒಬ್ಬ ರಿಟೈರ್ಡ್ ಮೇಷ್ಟ್ರಿದ್ದಾರೆ. 30-40 ಸೈಟಿನಲ್ಲಿ ಮೂರು ಮಹಡಿ ಎತ್ತಿ, ಕೆಳಗೆ ತಾವಿದ್ದುಕೊಂಡು, ಮೇಲಿನ ಆರು ಮನೆಗಳನ್ನು ಬಾಡಿಗೆಗೆ ಕೊಟ್ಟಿದ್ದಾರೆ. ಪಿಎಫ್ ದುಡ್ಡು, ಸೊಸೈಟಿ ಸಾಲ, ಹೆಂಡತಿಯ ಬಳೆ ಎಲ್ಲ ಆ ಗೋಡೆಗಳೊಳಗೇ ಹೋಗಿವೆ. ಮೊನ್ನೆ ಕಾಫಿಗೆ ಕರೆದಾಗ ಬೀರು ತೆಗೆದು ಒಂದು ಪ್ಲಾಸ್ಟಿಕ್ ಕವರ್ ತಂದು ಟೀಪಾಯಿ ಮೇಲಿಟ್ಟರು. ಒಳಗೆ ಮೂರು ಡಿಕ್ರಿಯ, ಅಂದರೆ ಕೋರ್ಟ್ ತೀರ್ಪಿನ ಆದೇಶದ, ನಕಲುಗಳು. ಕೊರೊನಾ ಕಾಲದಲ್ಲಿ ಬಾಡಿಗೆ ನಿಲ್ಲಿಸಿದ ಮೂರು ಮನೆಯವರ ಮೇಲೆ ಮೂರು ಕೇಸು ಹಾಕಿದ್ದರು. ಮೂರನ್ನೂ ಗೆದ್ದಿದ್ದಾರೆ.

"ಹಾಗಾದ್ರೆ ದುಡ್ಡು ಬಂತಾ ಮೇಷ್ಟ್ರೇ?" ಅಂದೆ.

"ದುಡ್ಡೆಲ್ಲಿ ಬಂತಪ್ಪಾ, ಪೇಪರ್ ಬಂತು" ಅಂದರು.

ಕೋರ್ಟಿನ ವಿಷಯ ಬಂದರೆ ನಮ್ಮಲ್ಲಿ ಒಂದು ಮಾತು ರೆಡಿ ಇರುತ್ತದೆ: ಗೆದ್ದವ ಸೋತ, ಸೋತವ ಸತ್ತ. ಬಾಡಿಗೆ ಬಾಕಿ ಕೇಸುಗಳಲ್ಲಿ ಇದರ ಮೊದಲ ಅರ್ಧ ಮಾತ್ರ ನಿಜ. ಗೆದ್ದ ಓನರ್ ಸೋಲುವುದು ನಿಜ. ಆದರೆ ಸೋತ ಬಾಡಿಗೆದಾರ ಎಷ್ಟೋ ಸಲ ಇನ್ನೊಂದು ಏರಿಯಾದಲ್ಲಿ ಮನೆ ಮಾಡಿಕೊಂಡು ಆರಾಮಾಗಿರುತ್ತಾನೆ. ಹಾಗಾದರೆ ಈ ಸೋಲಿನ ಬಿಲ್ಲು ಯಾರ ತಲೆಗೆ? ನನ್ನ ಲೆಕ್ಕದಲ್ಲಿ ಅದು ಮುಂದಿನ ಬಾಡಿಗೆದಾರನ ತಲೆಗೆ. ಬೆಂಗಳೂರಿನ ಅಡ್ವಾನ್ಸ್ ಅನ್ನೋ ಭೂತ ಹುಟ್ಟಿರುವುದೇ ಈ ಪ್ಲಾಸ್ಟಿಕ್ ಕವರಿನಿಂದ. ಅದು ಹೇಗೆ ಅಂತ ನೋಡಬೇಕಾದರೆ ಮೊದಲು ಕೇಸು ಹೇಗೆ ನಡೆಯುತ್ತದೆ ಅಂತ ತಿಳಿಯಬೇಕು.

ಬಾಡಿಗೆ ಕಾಯ್ದೆ ಇದೆ, ನಮಗಲ್ಲ

ಕರ್ನಾಟಕ ಬಾಡಿಗೆ ಕಾಯ್ದೆ 1999 ಅಂತ ಒಂದಿದೆ. 2001ರ ಡಿಸೆಂಬರ್ 31ರಂದು ಜಾರಿಗೆ ಬಂತು. ಬಾಡಿಗೆ ಬಾಕಿ ಇದ್ದರೆ ನೋಟಿಸ್ ಕೊಡಬೇಕು, 2 ತಿಂಗಳೊಳಗೆ ಬಾಕಿ ಕಟ್ಟಿದರೆ ಬಾಡಿಗೆದಾರ ಉಳಿದುಕೊಳ್ಳಬಹುದು ಅಂತೆಲ್ಲ ಅದರಲ್ಲಿ ಇದೆ. ಆದರೆ ಬೆಂಗಳೂರಿನಂಥ ಊರುಗಳಲ್ಲಿ ತಿಂಗಳ ಬಾಡಿಗೆ 3,500 ರೂಪಾಯಿ ದಾಟಿದರೆ ಈ ಕಾಯ್ದೆ ಅನ್ವಯಿಸುವುದಿಲ್ಲ. ಸಣ್ಣ ಊರುಗಳಿಗೆ ಆ ಮಿತಿ 2,000. ಅಂಗಡಿ ಮಳಿಗೆಯಾದರೆ 14 ಚದರ ಮೀಟರಿಗಿಂತ ದೊಡ್ಡದು ಇರಬಾರದು. ಇವತ್ತು ಬೆಂಗಳೂರಲ್ಲಿ 3,500ಕ್ಕೆ ಏನು ಸಿಗುತ್ತದೆ? ಪಿಜಿಯಲ್ಲಿ ಒಂದು ಮಂಚವೂ ಕಷ್ಟ. ಅಂದರೆ ಹೆಸರಿಗೆ ಬಾಡಿಗೆ ಕಾಯ್ದೆ, ನಗರದ ಹೆಚ್ಚುಕಮ್ಮಿ ಎಲ್ಲ ಮನೆಗಳೂ ಅದರ ಹೊರಗೆ.

ಹೊರಗಿದ್ದವರಿಗೆ 1882ರ ಆಸ್ತಿ ವರ್ಗಾವಣೆ ಕಾಯ್ದೆಯೇ ಗತಿ. ಅದರ 106ನೇ ಕಲಂ ಪ್ರಕಾರ ತಿಂಗಳ ಬಾಡಿಗೆಯ ಮನೆಗೆ 15 ದಿನದ ನೋಟಿಸ್ ಸಾಕು. ಬಾಕಿ ಇರಲಿ ಇಲ್ಲದಿರಲಿ, ಕರಾರಿನ ಅವಧಿ ಮುಗಿದಿದ್ದರೆ ಕಾರಣವನ್ನೂ ಹೇಳಬೇಕಿಲ್ಲ. ಹಾಗಾದರೆ ಓನರ್‌ಗೆ ಇದು ಸಲೀಸು ಅಲ್ವಾ ಅನಿಸಬಹುದು. ನೋಟಿಸಿನ ಮಟ್ಟಿಗೆ ಸಲೀಸೇ.

ಆಮೇಲೆ ಕೇಸು. ಬೆಂಗಳೂರಲ್ಲಿ ಇಂಥ ತೆರವಿನ ದಾವೆಗಳು ಲಘು ವ್ಯವಹಾರಗಳ ನ್ಯಾಯಾಲಯಕ್ಕೆ ಹೋಗುತ್ತವೆ. ಎಲ್ಲರೂ ಸ್ಮಾಲ್ ಕಾಸಸ್ ಕೋರ್ಟ್ ಅಂತಲೇ ಕರೆಯುವುದು. ಹೆಸರು ಲಘು ಅಂತಿದೆ, ಆದರೆ ಅದೇ ಜಡ್ಜ್‌ಗಳು ವಾಹನ ಅಪಘಾತ ಪರಿಹಾರದ ಕೇಸುಗಳನ್ನೂ ನೋಡಬೇಕು. ಮೇಷ್ಟ್ರ ಜೊತೆ ಒಂದು ವಾಯಿದೆಗೆ ನಾನೂ ಹೋಗಿದ್ದೆ. ಕಾರಿಡಾರಿನಲ್ಲಿ ಊರುಗೋಲು ಹಿಡಿದವರು, ಕಾಲಿಗೆ ರಾಡ್ ಹಾಕಿಸಿಕೊಂಡವರು, ಎಕ್ಸ್‌ರೇ ಕವರ್ ಎದೆಗೊತ್ತಿಕೊಂಡ ಹೆಂಗಸರು. ಅವರ ನಡುವೆ ಬಾಡಿಗೆ ಬಾಕಿಯ ಫೈಲ್ ಹಿಡಿದು ನಿಂತ ಮೇಷ್ಟ್ರಿಗೆ ಸ್ವಲ್ಪ ನಾಚಿಕೆಯಾಯಿತೇನೋ. "ಇವರ ಮುಂದೆ ನಂದೇನು ಬಿಡು" ಅಂದರು. ಅವತ್ತು ನಮ್ಮ ಕೇಸು ಕೂಗುವಷ್ಟರಲ್ಲಿ ಮಧ್ಯಾಹ್ನ ಎರಡೂವರೆ. ಎದುರು ಪಾರ್ಟಿ ವಕೀಲರು ಸಮಯ ಕೇಳಿದರು. ಮುಂದಿನ ವಾಯಿದೆ ಬಿತ್ತು. ಒಂದು ನಿಮಿಷವೂ ಆಗಲಿಲ್ಲ.

ಮೂರು ಮನೆ ಒಂದೇ ಕಟ್ಟಡದಲ್ಲಿದ್ದರೂ, ಓನರ್ ಒಬ್ಬರೇ ಆದರೂ, ಒಂದೇ ಕೇಸಿನಲ್ಲಿ ಮುಗಿಯುವುದಿಲ್ಲ. ಪ್ರತಿ ಬಾಡಿಗೆ ಕರಾರೂ ಬೇರೆ ವ್ಯವಹಾರ. ಹಾಗಾಗಿ ಮೂರು ನೋಟಿಸ್, ಮೂರು ದಾವೆ, ಮೂರು ವಕಾಲತ್ತು, ವಕೀಲರ ಫೀಸೂ ಮೂರು. ತೆರವಿನ ದಾವೆಗೆ ಕೋರ್ಟ್ ಫೀಸ್ ಲೆಕ್ಕ ಹಾಕುವುದು ಹಿಂದಿನ ಒಂದು ವರ್ಷದ ಬಾಡಿಗೆ ಮೇಲೆ, ಮನೆಯ ಬೆಲೆ ಮೇಲಲ್ಲ. ಅಷ್ಟರ ಮಟ್ಟಿಗೆ ಪುಣ್ಯ. ಬಾಕಿ ಹಣ ಕೇಳುವುದಕ್ಕೆ ಅದರ ಮೇಲೆ ಬೇರೆ ಫೀಸ್. ಬಾಕಿಯನ್ನು 3 ವರ್ಷದೊಳಗೆ ಕೇಳಬೇಕು, ದಾಟಿದರೆ ಹೋಯಿತು. ಕೊರೊನಾ ಕಾಲದ ಬಾಕಿಗಳು ಉಳಿದಿದ್ದಕ್ಕೆ ಒಂದು ಕಾರಣ, 2020ರ ಮಾರ್ಚ್ 15ರಿಂದ 2022ರ ಫೆಬ್ರವರಿ 28ರವರೆಗಿನ ದಿನಗಳನ್ನು ಈ ಗಡುವಿನ ಲೆಕ್ಕದಿಂದ ಸುಪ್ರೀಂ ಕೋರ್ಟ್ ಬಿಟ್ಟುಕೊಟ್ಟಿದ್ದು.

ಕರಾರು ಪತ್ರದ್ದೇ ಇನ್ನೊಂದು ಕತೆ. ಒಂದು ವರ್ಷ ದಾಟುವ ಕರಾರನ್ನು ರಿಜಿಸ್ಟರ್ ಮಾಡಿಸಬೇಕು ಅನ್ನೋ ಕಾರಣಕ್ಕೆ ನಾವೆಲ್ಲ 11 ತಿಂಗಳ ಅಗ್ರಿಮೆಂಟ್ ಮಾಡಿಕೊಳ್ಳುತ್ತೇವೆ. ಜೆರಾಕ್ಸ್ ಅಂಗಡಿಯವನೇ ಟೈಪ್ ಮಾಡಿ, ಇ-ಸ್ಟಾಂಪ್ ಹಾಕಿ ಕೊಡುತ್ತಾನೆ. ಎಷ್ಟರ ಸ್ಟಾಂಪ್ ಬೇಕು ಅಂತ ನೋಡುವವರು ಕಮ್ಮಿ. ಕೋರ್ಟಿನಲ್ಲಿ ಅದನ್ನು ಸಾಕ್ಷಿಯಾಗಿ ಹಾಜರುಪಡಿಸುವಾಗ ಗೊತ್ತಾಗುತ್ತದೆ: ಕಮ್ಮಿ ಬಿದ್ದ ಶುಲ್ಕ, ಅದರ ಮೇಲೆ ಹತ್ತು ಪಟ್ಟು ದಂಡ ಕಟ್ಟಿದ ಮೇಲೇ ಅದು ಸಾಕ್ಷಿ. ಮೇಷ್ಟ್ರು ಅದನ್ನೂ ಕಟ್ಟಿದರು. ಮೂರು ಸಲ.

ಆ ಮೂರರಲ್ಲಿ ಒಂದು ಕೇಸು ಎಕ್ಸ್‌ಪಾರ್ಟಿ ಆಯಿತು, ಅಂದರೆ ಎದುರು ಪಾರ್ಟಿ ಬಾರದೆಯೇ ತೀರ್ಮಾನವಾಯಿತು. ಮೊದಲನೇ ಮಹಡಿಯಲ್ಲಿದ್ದ ಟೈಲರ್ ಸಂಸಾರ ಕೇಸು ನಡೆಯುವಾಗಲೇ ಒಂದು ರಾತ್ರಿ ಬೀಗ ಹಾಕಿ ಹೊರಟುಹೋಗಿತ್ತು. ಅವರು ಬರಲಿಲ್ಲ, ವಾದ ಮಾಡಲಿಲ್ಲ. ಬಾಡಿಗೆ ಕೇಸುಗಳಲ್ಲಿ ಇದು ಮಾಮೂಲು. ಸಮನ್ಸ್ ಬಂದಾಗ "ಹೋದರೆ ವಕೀಲರ ಖರ್ಚು, ಹೋಗದಿದ್ದರೆ ಏನಾಗುತ್ತೆ ನೋಡೋಣ" ಅಂತ ಸುಮ್ಮನಾಗುವವರೇ ಜಾಸ್ತಿ. ಆಗುವುದೇನೆಂದರೆ, ಓನರ್ ಬರೆದ ಮೊತ್ತಕ್ಕೆ ಇಲ್ಲ ಅನ್ನುವವರೇ ಇರುವುದಿಲ್ಲ. ಕ್ಯಾಶ್ ಕೊಟ್ಟ ತಿಂಗಳು, ಅಡ್ವಾನ್ಸಿನಲ್ಲಿ ಹಿಡಿದುಕೊಳ್ಳಿ ಅಂದ ಮಾತು, ಸೋರುವ ಚಾವಣಿ, ಯಾವುದೂ ದಾಖಲೆಗೆ ಬರುವುದಿಲ್ಲ. ಸಕಾರಣ ಇದ್ದರೆ ಡಿಕ್ರಿ ಆದ 30 ದಿನದೊಳಗೆ ಅದನ್ನು ರದ್ದು ಮಾಡಿ ಅಂತ ಕೇಳಬಹುದು. ಅದು ಗೊತ್ತಿರುವವರು ಮೊದಲೇ ಕೋರ್ಟಿಗೆ ಬಂದಿರುತ್ತಾರೆ.

ನಾಲ್ಕು ಹುಡುಗರು, ಒಂದು ಸಾಲ

ಮೇಷ್ಟ್ರ ಎರಡನೇ ಡಿಕ್ರಿ ನಾಲ್ಕು ಜನರ ಮೇಲೆ. ಮೇಲಿನ ಮನೆಯಲ್ಲಿ ನಾಲ್ಕು ಬ್ಯಾಚುಲರ್ ಹುಡುಗರಿದ್ದರು. ಅಗ್ರಿಮೆಂಟಿಗೆ ನಾಲ್ವರೂ ಸಹಿ ಹಾಕಿದ್ದರು. ಬಾಡಿಗೆ 16,000, ತಲೆಗೆ 4,000. ಮೂವರು ತಮ್ಮ ಪಾಲು ಕೊಡದೆ ಎಂಟು ತಿಂಗಳಲ್ಲಿ ಬಿದ್ದ ಬಾಕಿ 96,000. ಅಡ್ವಾನ್ಸ್ 50,000 ಹಿಡಿದುಕೊಂಡ ಮೇಲೆ 46,000 ಉಳಿಯಿತು. ನಮ್ಮ ಕಡೆ ರೂಮ್‌ಮೇಟ್‌ಗಳಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ. "ನನ್ನ ಪಾಲು ನಾನು ಕೊಟ್ಟಾಯ್ತು, ಮಿಕ್ಕಿದ್ದು ಅವನನ್ನ ಕೇಳಿ." ಕಾನೂನು ಹಾಗೆ ನೋಡುವುದಿಲ್ಲ.

1872ರ ಕರಾರು ಕಾಯ್ದೆಯ 43ನೇ ಕಲಂ ಇದನ್ನು ಒಂದು ಪುಟ್ಟ ಲೆಕ್ಕದಲ್ಲಿ ಹೇಳುತ್ತದೆ. ಎ, ಬಿ, ಸಿ ಮೂವರೂ ಸೇರಿ ಡಿಗೆ 3,000 ರೂಪಾಯಿ ಕೊಡುತ್ತೇವೆ ಅಂತ ಮಾತು ಕೊಟ್ಟರೆ, ಡಿ ಯಾರಾದರೂ ಒಬ್ಬನಿಂದಲೇ ಪೂರ್ತಿ 3,000 ವಸೂಲಿ ಮಾಡಬಹುದು. ಕೊಟ್ಟವನು ಆಮೇಲೆ ಮಿಕ್ಕವರ ಹತ್ತಿರ ಅವರವರ ಪಾಲು ಕೇಳಿಕೊಳ್ಳಬೇಕು. ಅದೇ ಕಲಮಿನ ಇನ್ನೊಂದು ಉದಾಹರಣೆ ಇನ್ನೂ ಚೆನ್ನಾಗಿದೆ. ಸಿ ಪೂರ್ತಿ ಕಟ್ಟಿದ. ಎ ದಿವಾಳಿ, ಅವನ ಆಸ್ತಿ ಅರ್ಧ ಸಾಲಕ್ಕೆ ಮಾತ್ರ ಸಾಕು. ಆಗ ಸಿಗೆ ಎ ಕಡೆಯಿಂದ 500, ಬಿ ಕಡೆಯಿಂದ 1,250. ಅಂದರೆ ಕೈಲಾಗದವನ ಹೊರೆಯನ್ನು ಉಳಿದಿಬ್ಬರೂ ಸಮನಾಗಿ ಹೊರಬೇಕು. 150 ವರ್ಷದ ಹಿಂದೆ ಬರೆದದ್ದು, ಆದರೆ ನಾಲ್ಕು ಜನ ಬ್ಯಾಚುಲರ್‌ಗಳ ಬಾಡಿಗೆ ಮನೆಗೇ ಬರೆದಂತಿದೆ. ಕರಾರಿನಲ್ಲಿ ಬೇರೆ ಥರ ಬರೆದುಕೊಂಡಿದ್ದರೆ ಮಾತ್ರ ಲೆಕ್ಕ ಬೇರೆ. ಪಿಜಿಯಲ್ಲಿ ಮಂಚಕ್ಕೊಂದರಂತೆ ಪ್ರತ್ಯೇಕ ವ್ಯವಹಾರ ಇರುವುದರಿಂದ ಅಲ್ಲಿ ಪಕ್ಕದ ಮಂಚದವನ ಸಾಲ ನಿಮ್ಮದಾಗುವುದಿಲ್ಲ.

ಈಗ ಮೇಷ್ಟ್ರ ನಾಲ್ವರಲ್ಲಿ ಮೂವರು ಎಲ್ಲಿದ್ದಾರೋ ಗೊತ್ತಿಲ್ಲ. ಒಬ್ಬ ಮಾತ್ರ ಬೆಂಗಳೂರಲ್ಲೇ ಇದ್ದಾನೆ, ಕೆಲಸ ಮಾಡುವ ಕಂಪನಿಯೂ ಗೊತ್ತು. ವಕೀಲರು "ಅವನ ಸಂಬಳ ಹಿಡಿಸೋಣ, ಪೂರ್ತಿ 46,000 ಬರುತ್ತೆ" ಅಂದರು. ಮೇಷ್ಟ್ರು ಒಪ್ಪಲಿಲ್ಲ. "ಆ ಹುಡುಗ ಒಬ್ಬನೇ ಕಣಪ್ಪಾ ಕೊನೇವರೆಗೂ ತನ್ನ ನಾಲ್ಕು ಸಾವಿರ ತಂದು ಕೊಟ್ಟಿದ್ದು" ಅಂದರು. ಡಿಕ್ರಿ ಈಗಲೂ ಕವರಿನಲ್ಲೇ ಇದೆ. ಕಾನೂನಿನ ಬಲೆಗೆ ಬೀಳುವುದು ವಿಳಾಸ ಇರುವವನು. ವಿಳಾಸ ಇರುವವನೇ ಸಾಮಾನ್ಯವಾಗಿ ನೆಟ್ಟಗಿರುವವನು.

ಗೆದ್ದ ಮೇಲೆ ಶುರುವಾಗುವ ಕಷ್ಟ

ಭಾರತದಲ್ಲಿ ಕಕ್ಷಿದಾರನ ಕಷ್ಟ ಶುರುವಾಗುವುದೇ ಡಿಕ್ರಿ ಕೈಗೆ ಬಂದ ಮೇಲೆ ಅಂತ ಬ್ರಿಟಿಷರ ಕಾಲದಲ್ಲಿ ನಮ್ಮ ಕೊನೆಯ ಮೇಲ್ಮನವಿ ಕೋರ್ಟಾಗಿದ್ದ ಲಂಡನ್ನಿನ ಪ್ರಿವಿ ಕೌನ್ಸಿಲ್ 1872ರಲ್ಲೇ ಹೇಳಿತ್ತು. 2021ರಲ್ಲಿ ಸುಪ್ರೀಂ ಕೋರ್ಟ್ ಒಂದು ಕೇಸಿನಲ್ಲಿ, ಅದೂ ಬೆಂಗಳೂರಿನದೇ ಜಾಗದ ತಕರಾರು, ಅಮಲ್ಜಾರಿ ಅರ್ಜಿಗಳನ್ನು, ಅಂದರೆ ಡಿಕ್ರಿಯನ್ನು ಜಾರಿ ಮಾಡಿಸಿಕೊಡಿ ಅಂತ ಗೆದ್ದವರು ಹಾಕುವ ಅರ್ಜಿಗಳನ್ನು, ಆರು ತಿಂಗಳೊಳಗೆ ಮುಗಿಸಿ ಅಂತ ಎಲ್ಲ ಕೋರ್ಟುಗಳಿಗೆ ಹೇಳಿತು. 2025ರಲ್ಲಿ ಇನ್ನೊಂದು ಕೇಸಿನ ನೆಪದಲ್ಲಿ, ಎಷ್ಟು ಮುಗಿದಿವೆ ತೋರಿಸಿ ಅಂತ ಹೈಕೋರ್ಟುಗಳಿಂದ ಲೆಕ್ಕ ತರಿಸಿಕೊಂಡಿತು. ದೇಶದಲ್ಲಿ 8.82 ಲಕ್ಷಕ್ಕೂ ಹೆಚ್ಚು ಅಮಲ್ಜಾರಿ ಅರ್ಜಿಗಳು ಬಾಕಿ ಅಂತ ಅಕ್ಟೋಬರಿನಲ್ಲಿ ಗೊತ್ತಾಯಿತು. ಆ ಲೆಕ್ಕದಲ್ಲಿ ಕರ್ನಾಟಕದ್ದು ಸೇರಿರಲಿಲ್ಲ. ನಮ್ಮ ಹೈಕೋರ್ಟಿನಿಂದ ಅಂಕಿಅಂಶ ಹೋಗಿರಲಿಲ್ಲ, ಯಾಕೆ ಅಂತ ವಿವರಣೆ ಕೇಳಬೇಕಾಯಿತು. ಇವೆಲ್ಲ ಬಾಡಿಗೆ ಕೇಸುಗಳಲ್ಲ, ಎಲ್ಲ ಬಗೆಯ ಸಿವಿಲ್ ಡಿಕ್ರಿಗಳು. ಆದರೂ ಒಂದೊಂದರ ಹಿಂದೆಯೂ ಒಬ್ಬ ಗೆದ್ದವನಿದ್ದಾನೆ.

ಡಿಕ್ರಿಯಲ್ಲಿ ಎರಡು ಭಾಗ. ಮನೆ ಖಾಲಿ ಮಾಡಿಸುವುದು ಒಂದು. ಅದು ತಡವಾದರೂ ಆಗುತ್ತದೆ, ಯಾಕೆಂದರೆ ಮನೆ ಎಲ್ಲಿಗೂ ಓಡುವುದಿಲ್ಲ. ಕೋರ್ಟಿನ ಅಮೀನರು ಬಂದು, ಬೇಕಾದರೆ ಪೊಲೀಸರ ನೆರವಿನಿಂದ, ಬೀಗ ಒಡೆದು ಕೊಡುತ್ತಾರೆ. ಇನ್ನೊಂದು ಭಾಗ ಹಣ: ಬಾಕಿ ಬಾಡಿಗೆ, ಜೊತೆಗೆ ನೋಟಿಸಿನ ಅವಧಿ ಮುಗಿದ ಮೇಲೂ ಮನೆಯಲ್ಲಿದ್ದುದಕ್ಕೆ ಪರಿಹಾರ. ಇದು ಓಡುತ್ತದೆ.

ಹಣ ವಸೂಲಿಗೆ ಬೇರೆ ಅಮಲ್ಜಾರಿ ಅರ್ಜಿ ಹಾಕಬೇಕು. ಅದಕ್ಕೆ 12 ವರ್ಷ ಟೈಮ್ ಇದೆ. ಆದರೆ ಎದುರಿನವನ ಹತ್ತಿರ ಏನಿದೆ ಅಂತ ಹುಡುಕಿ ತೋರಿಸುವ ಕೆಲಸ ಗೆದ್ದವನದೇ. ನಿನ್ನ ಆಸ್ತಿ ಪಟ್ಟಿ ಕೊಡು ಅಂತ ಕೋರ್ಟ್ ಕೇಳಬಹುದು, ಆದರೆ ಕೇಳುವುದಕ್ಕೆ ಮೊದಲು ಆಸಾಮಿ ಸಿಗಬೇಕಲ್ಲ. ಬೇರೆ ಊರಿಗೆ ಹೋಗಿದ್ದರೆ ಡಿಕ್ರಿಯನ್ನು ಆ ಊರಿನ ಕೋರ್ಟಿಗೆ ವರ್ಗ ಮಾಡಿಸಬೇಕು. ಟೈಲರ್ ಊರು ಕಲಬುರಗಿ ಕಡೆ ಅಂತ ಮೇಷ್ಟ್ರಿಗೆ ಗೊತ್ತು, ಹಳ್ಳಿ ಯಾವುದು ಅಂತ ಗೊತ್ತಿಲ್ಲ. ಆಧಾರ್ ಜೆರಾಕ್ಸಿನಲ್ಲಿ ಇರುವುದು ಮೇಷ್ಟ್ರ ಮನೆಯದೇ ವಿಳಾಸ.

ಜಪ್ತಿ ಮಾಡಬಾರದ ವಸ್ತುಗಳ ಪಟ್ಟಿಯೊಂದು ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಮಿನಲ್ಲಿ ಇದೆ. ಉಡುವ ಬಟ್ಟೆ, ಅಡುಗೆ ಪಾತ್ರೆ, ಹಾಸಿಗೆ, ಕೈಕಸುಬಿನವರ ಸಲಕರಣೆ ಮುಟ್ಟುವ ಹಾಗಿಲ್ಲ. ಹೆಂಗಸರು ಧರ್ಮದ ರೂಢಿಯಂತೆ ಮೈಮೇಲಿಂದ ತೆಗೆಯಬಾರದ ಒಡವೆಯನ್ನೂ, ಅಂದರೆ ನಮ್ಮಲ್ಲಿ ತಾಳಿಯನ್ನೂ ಮುಟ್ಟುವ ಹಾಗಿಲ್ಲ. ಟೈಲರ್‌ನ ಮನೆ ಸಾಮಾನಲ್ಲಿ ಬೆಲೆಬಾಳುವುದು ಏನಿತ್ತು? ಹೊಲಿಗೆ ಮಷಿನ್. ಅದು ಕಸುಬಿನ ಸಲಕರಣೆ. ಈ ಪಟ್ಟಿ ನನಗೆ ಸರಿಯಾಗೇ ಕಾಣುತ್ತದೆ. ಬಾಡಿಗೆ ಕೊಡಲಾಗದವನ ಮಷಿನ್ ಕಿತ್ತುಕೊಂಡರೆ ಅವನು ಮುಂದೆಯೂ ಕೊಡಲಾರ.

ಸಂಬಳದ ಲೆಕ್ಕವೂ ಹೀಗೇ. ಮೊದಲ 1,000 ರೂಪಾಯಿ, ಉಳಿದುದರಲ್ಲಿ ಮೂರನೇ ಎರಡು ಭಾಗ ಮುಟ್ಟಬಾರದು. 31,000 ಸಂಬಳ ಇದ್ದರೆ 10,000 ಹಿಡಿಯಬಹುದು. ಅದೂ ಒಂದು ಡಿಕ್ರಿಗೆ ಒಟ್ಟು 24 ತಿಂಗಳು ಮಾತ್ರ. ದಿನಗೂಲಿಯವನಿಗೆ, ಆಟೋ ಓಡಿಸುವವನಿಗೆ ಈ ಲೆಕ್ಕವೇ ಇಲ್ಲ, ಹಿಡಿದುಕೊಡುವ ಕಂಪನಿಯೇ ಇಲ್ಲವಲ್ಲ.

ಇನ್ನು ಸಿವಿಲ್ ಜೈಲು. ಓನರ್‌ಗಳು ಇದನ್ನು ತುಂಬಾ ದೊಡ್ಡ ಅಸ್ತ್ರ ಅಂದುಕೊಂಡಿರುತ್ತಾರೆ. 5,000ಕ್ಕಿಂತ ಜಾಸ್ತಿ ಬಾಕಿಗೆ ಮೂರು ತಿಂಗಳವರೆಗೆ ಒಳಗೆ ಹಾಕಿಸಬಹುದು, ನಿಜ. ಆದರೆ ಕೊಡುವ ಶಕ್ತಿ ಇದ್ದೂ ಕೊಡುತ್ತಿಲ್ಲ ಅಂತ ತೋರಿಸಬೇಕು. ಬಡತನಕ್ಕಾಗಿ ಯಾರನ್ನೂ ಜೈಲಿಗೆ ಹಾಕುವಂತಿಲ್ಲ ಅಂತ 1980ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಹೆಂಗಸರನ್ನು ಹಣದ ಡಿಕ್ರಿಗೆ ಬಂಧಿಸುವ ಹಾಗೇ ಇಲ್ಲ. ಮತ್ತೆ, ಒಳಗಿದ್ದಷ್ಟು ದಿನ ಅವನ ಊಟದ ಖರ್ಚು ಕಟ್ಟಬೇಕಾದವರು ಕೇಸು ಗೆದ್ದವರು. ಇದನ್ನು ಹೇಳಿದಾಗ ಮೇಷ್ಟ್ರು ಮೊದಲ ಸಲ ಜೋರಾಗಿ ನಕ್ಕರು. "ಬಾಡಿಗೆ ಇಲ್ಲದೆ ಮನೇಲಿಟ್ಟುಕೊಂಡಿದ್ದಾಯ್ತು, ಈಗ ಊಟ ಬೇರೆ ಹಾಕಬೇಕಾ?"

ಹಾಗಾಗಿ ವಕೀಲರು ಸಾಮಾನ್ಯವಾಗಿ ಲೋಕ್ ಅದಾಲತ್ ಕಡೆ ತೋರಿಸುತ್ತಾರೆ. ಬಾಕಿಯಲ್ಲಿ ಒಂದಷ್ಟು ಬಿಡಿ, ಅವನು ಇಂಥ ದಿನ ಖಾಲಿ ಮಾಡಲಿ. ರಾಜಿಯಾದರೆ ಕೋರ್ಟ್ ಫೀಸೂ ವಾಪಸ್ ಬರುತ್ತದೆ. ಮೇಷ್ಟ್ರ ಮೂರನೇ ಕೇಸು ಒಬ್ಬ ಆಟೋ ಓಡಿಸುವವರ ಮೇಲೆ, ಅದು ಹೀಗೇ ಮುಗಿಯಬಹುದಿತ್ತು. ಹಟಕ್ಕೆ ಬಿದ್ದು ಡಿಕ್ರಿ ತೆಗೆದುಕೊಂಡರು. ಈಗ ಆ ಹಟದ ಬಗ್ಗೆ ಮಾತಾಡಲು ಅವರಿಗೆ ಇಷ್ಟವಿಲ್ಲ.

ಅಡ್ವಾನ್ಸ್ ಅಂದರೆ ಮುಂಗಡ ಡಿಕ್ರಿ

ಇಷ್ಟೆಲ್ಲ ನೋಡಿದ ಓನರ್ ಏನು ಮಾಡುತ್ತಾರೆ? ಕೆಲವರು ಅಡ್ಡದಾರಿ ಹಿಡಿಯುತ್ತಾರೆ. ನೀರು ನಿಲ್ಲಿಸುವುದು, ಫ್ಯೂಸ್ ಕೀಳುವುದು, ಬಾಡಿಗೆದಾರ ಊರಿಗೆ ಹೋದಾಗ ಬೀಗದ ಮೇಲೊಂದು ಬೀಗ ಜಡಿಯುವುದು. ಇದು ಕಾನೂನಿಗೆ ವಿರುದ್ಧ. ಕೋರ್ಟಿನ ಆದೇಶವಿಲ್ಲದೆ ಹೊರಹಾಕಿದರೆ ಬಾಡಿಗೆದಾರ 6 ತಿಂಗಳೊಳಗೆ ದಾವೆ ಹಾಕಿ ಮನೆ ವಾಪಸ್ ಪಡೆಯಬಹುದು, ಮನೆ ಯಾರದು ಅನ್ನೋ ಪ್ರಶ್ನೆಯೇ ಅಲ್ಲಿ ಬರುವುದಿಲ್ಲ.

ಮರ್ಯಾದಸ್ತ ಓನರ್‌ಗಳು ಇನ್ನೊಂದು ದಾರಿ ಹಿಡಿಯುತ್ತಾರೆ. ಅಡ್ವಾನ್ಸ್ ಜಾಸ್ತಿ ಕೇಳುತ್ತಾರೆ. ಹತ್ತು ತಿಂಗಳ ಬಾಡಿಗೆ ಅಡ್ವಾನ್ಸ್ ಅನ್ನೋದು ಬೆಂಗಳೂರಿನ ಹಳೇ ಪದ್ಧತಿ. ಈಗ ಐದಕ್ಕೆ, ಆರಕ್ಕೆ ಇಳಿದ ಕಡೆಯೂ ಇವೆ. ಹೊರಗಿನಿಂದ ಬಂದವರು ಇದನ್ನು ದುರಾಸೆ ಅಂತ ಬೈಯುತ್ತಾರೆ. ದುರಾಸೆಯೂ ಇರಬಹುದು. ಆದರೆ ಲೆಕ್ಕ ಹಾಕಿ ನೋಡಿ. ಬಾಡಿಗೆ ನಿಂತು, ನೋಟಿಸ್ ಹೋಗಿ, ಕೇಸು ನಡೆದು, ಅಮೀನರು ಬರುವವರೆಗಿನ ತಿಂಗಳುಗಳ ಬಾಡಿಗೆಯನ್ನು ಓನರ್ ಮೊದಲೇ ಎತ್ತಿಟ್ಟುಕೊಳ್ಳುತ್ತಿದ್ದಾರೆ. ಜಗಳ ಆಗುವ ಮೊದಲೇ ತಮ್ಮ ಪರವಾಗಿ ತಾವೇ ಬರೆದುಕೊಂಡ ಡಿಕ್ರಿ ಅದು. ಅಮಲ್ಜಾರಿಯೂ ಆಗಿಹೋಗಿರುತ್ತದೆ, ಹಣ ಅವರ ಕೈಯಲ್ಲೇ ಇದೆಯಲ್ಲ.

ಈ ಲೆಕ್ಕವನ್ನು ಕೊನೆತನಕ ಎಳೆದರೆ ಸಿಗುವುದೇ ನಮ್ಮ ಲೀಸ್, ಹಳಬರ ಮಾತಿನಲ್ಲಿ ಭೋಗ್ಯ. ಒಂದೇ ಗಂಟು ಕೊಟ್ಟು ಎರಡು-ಮೂರು ವರ್ಷ ಇರುವುದು, ಹೋಗುವಾಗ ಗಂಟು ವಾಪಸ್. ಬಾಡಿಗೆಯೇ ಇಲ್ಲ, ಹಾಗಾಗಿ ಬಾಕಿ ಬೀಳುವ ಭಯವೂ ಓನರ್‌ಗೆ ಇಲ್ಲ. ಭಯವೆಲ್ಲ ಬಾಡಿಗೆದಾರನಿಗೆ. ಅವಧಿ ಮುಗಿದ ದಿನ ಓನರ್ "ಇನ್ನೊಬ್ಬರು ಬರಲಿ, ಅವರು ಕೊಟ್ಟ ಮೇಲೆ ಕೊಡ್ತೀನಿ" ಅಂದರೆ, ಅಲೆಯುವ ಸರದಿ ಇವನದು. ಅದೇ ಕೋರ್ಟು, ಅದೇ ವಾಯಿದೆ, ಅದೇ ಅಮಲ್ಜಾರಿ.

ನನಗೇ ಆಗಿದ್ದು ಹೇಳುತ್ತೇನೆ. ಹಿಂದಿನ ಮನೆ ಬಿಡುವಾಗ ಓನರ್ ಒಂದು ತಿಂಗಳ ಬಾಡಿಗೆ ಪೇಂಟಿಂಗ್‌ಗೆ ಅಂತ ಹಿಡಿದರು. ಅದು ಅಗ್ರಿಮೆಂಟಿನಲ್ಲಿತ್ತು, ಸರಿ. ಆಮೇಲೆ ಸಿಂಕಿನ ನಲ್ಲಿ, ಒಂದು ಸ್ವಿಚ್ ಬೋರ್ಡ್, ಗೋಡೆಗೆ ಹೊಡೆದ ಮೊಳೆಗಳು ಅಂತ ಇನ್ನೂ 9,000. ಬಾತ್‌ರೂಮಿನಲ್ಲಿ ಮೊದಲೇ ಬಿರುಕು ಬಿಟ್ಟಿದ್ದ ಟೈಲ್ಸೂ ನನ್ನ ಲೆಕ್ಕಕ್ಕೆ ಬಂತು. ಅದರ ಫೋಟೋ ನನ್ನ ಹತ್ತಿರ ಇತ್ತು. ಕೋರ್ಟಿಗೆ ಹೋಗಬಹುದಿತ್ತು. 9,000ಕ್ಕೆ ಯಾರು ಹೋಗುತ್ತಾರೆ? ಅವರಿಗೂ ಅದು ಗೊತ್ತಿತ್ತು, ನನಗೂ ಗೊತ್ತಿತ್ತು. ಲಾರಿ ಕೆಳಗೆ ಕಾಯುತ್ತಿತ್ತು.

ಡಿಕ್ರಿ ಅಗ್ಗವಾದರೆ?

ಹಾಗಾದರೆ ಓನರ್‌ಗಳಿಗೆ ಬೇಗ, ಅಗ್ಗವಾಗಿ ಡಿಕ್ರಿ ಸಿಗುವ ಹಾಗೆ ಮಾಡಿದರೆ ಎಲ್ಲ ಸರಿಹೋಗುತ್ತದಾ? ಇದಕ್ಕೆ ಅಮೆರಿಕದ ಮೇರಿಲ್ಯಾಂಡ್ ರಾಜ್ಯ ನೋಡಬೇಕು. ಅಲ್ಲಿ ಬಾಡಿಗೆ ಬಾಕಿಗೆಂದೇ ಪ್ರತ್ಯೇಕ, ಚುರುಕಾದ ಕೇಸು ಇದೆ. ಫೀಸ್ ತೀರಾ ಕಮ್ಮಿ ಇತ್ತು. ಸಾವಿರಾರು ಮನೆ ಇಟ್ಟುಕೊಂಡ ಕಂಪನಿಗಳು ಪ್ರತಿ ತಿಂಗಳು ತಡ ಮಾಡಿದವರ ಪಟ್ಟಿ ತೆಗೆದು ಒಟ್ಟಿಗೇ ಕೇಸು ಹಾಕುವುದು ರೂಢಿಯಾಯಿತು. ಬಹಳ ಜನ ಕೋರ್ಟಿಗೆ ಬರುವುದಿಲ್ಲ, ತೀರ್ಪು ನಿಮಿಷಗಳಲ್ಲಿ ಆಗುತ್ತದೆ. ಮನೆ ಖಾಲಿ ಮಾಡಿಸುವುದು ಅವರ ಉದ್ದೇಶವೇ ಅಲ್ಲ, ಹೆದರಿಸಿ ಬಾಡಿಗೆ, ತಡದ ಶುಲ್ಕ ಎಲ್ಲ ಸೇರಿಸಿ ವಸೂಲಿ ಮಾಡುವುದು. ಕೋರ್ಟೇ ಬಾಡಿಗೆ ವಸೂಲಿ ಏಜೆಂಟ್ ಆದ ಹಾಗೆ. ಹೊರಹಾಕುವ ಮೊದಲು ಬಾಕಿ ಕಟ್ಟಿದರೆ ಉಳಿದುಕೊಳ್ಳುವ ಹಕ್ಕು ಅಲ್ಲಿದೆ. ಆದರೆ 12 ತಿಂಗಳಲ್ಲಿ ಮೂರು ತೀರ್ಪು ಬಿದ್ದಿದ್ದರೆ, ಬಾಲ್ಟಿಮೋರ್ ನಗರದಲ್ಲಾದರೆ ನಾಲ್ಕು, ಆ ಹಕ್ಕೂ ಕೈಬಿಡಬಹುದು.

ಬಾಲ್ಟಿಮೋರ್ ಸುತ್ತಮುತ್ತ ಸಾವಿರಾರು ಮನೆಗಳನ್ನು ನಡೆಸುತ್ತಿದ್ದ, ಟ್ರಂಪ್ ಅಳಿಯ ಜೇರೆಡ್ ಕುಶ್ನರ್ ಕುಟುಂಬಕ್ಕೆ ಸೇರಿದ ವೆಸ್ಟ್‌ಮಿನ್‌ಸ್ಟರ್ ಮ್ಯಾನೇಜ್‌ಮೆಂಟ್ ಕಂಪನಿಯ ವ್ಯವಹಾರ 2017ರಲ್ಲಿ ಪತ್ರಿಕೆಗಳಲ್ಲಿ ಬಂತು. ಮನೆ ಬಿಟ್ಟುಹೋಗಿ ವರ್ಷಗಳಾದವರ ಮೇಲೂ ಬಾಕಿ ಅಂತ ಕೇಸುಗಳಿದ್ದವು. 2019ರಲ್ಲಿ ರಾಜ್ಯದ ಅಟಾರ್ನಿ ಜನರಲ್, ಶುಲ್ಕಗಳ ಹೆಸರಿನಲ್ಲಿ ವಸೂಲಿ, ಮನೆಗಳ ದುರವಸ್ಥೆ ಅಂತ ಕಂಪನಿಯ ಮೇಲೇ ಕೇಸು ಹಾಕಿದರು. 2022ರಲ್ಲಿ 32.5 ಲಕ್ಷ ಡಾಲರಿಗೆ ರಾಜಿಯಾಯಿತು.

ಆಮೇಲೆ ಮೇರಿಲ್ಯಾಂಡ್ ಮಾಡಿದ್ದು ನನಗೆ ತುಂಬಾ ಕುತೂಹಲ ಹುಟ್ಟಿಸಿತು. 2024ರ ಒಂದೇ ಕಾನೂನಿನಲ್ಲಿ ಎರಡು ತಿದ್ದುಪಡಿ. ಕೇಸು ಹಾಕುವಾಗ ಓನರ್ ಕಟ್ಟುವ ಸರ್ಚಾರ್ಜ್ 8 ಡಾಲರ್ ಇದ್ದದ್ದನ್ನು 43ಕ್ಕೆ ಏರಿಸಿದರು. ಡೆಪಾಸಿಟ್ ಮಿತಿಯನ್ನು ಎರಡು ತಿಂಗಳ ಬಾಡಿಗೆಯಿಂದ ಒಂದಕ್ಕೆ ಇಳಿಸಿದರು. ಕೋರ್ಟಿನ ಖರ್ಚು, ಡೆಪಾಸಿಟ್ ಎರಡೂ ಒಂದೇ ತಕ್ಕಡಿಯ ತಟ್ಟೆಗಳು ಅಂತ ಅಲ್ಲಿನವರಿಗೆ ಅರ್ಥವಾಗಿದೆ.

ಇಂಗ್ಲೆಂಡ್‌ನಲ್ಲಿ ಇನ್ನೊಂದು ಥರ. ಅಲ್ಲಿ ಹಣದ ತೀರ್ಪು ಒಂದು ಸಾರ್ವಜನಿಕ ಪಟ್ಟಿಗೆ ಹೋಗುತ್ತದೆ. ಒಂದು ತಿಂಗಳೊಳಗೆ ಪೂರ್ತಿ ಕಟ್ಟಿದರೆ ಹೆಸರು ಅಳಿಸುತ್ತಾರೆ, ಇಲ್ಲದಿದ್ದರೆ 6 ವರ್ಷ ಇರುತ್ತದೆ. ಓದಲು ಹೋದ ನಮ್ಮ ಹುಡುಗರು ಫ್ಲಾಟ್ ಹಂಚಿಕೊಳ್ಳುವಾಗ ಇದನ್ನು ತಿಳಿದಿದ್ದರೆ ಒಳ್ಳೆಯದು, ಅಲ್ಲೂ ಒಂದೇ ಕರಾರಿಗೆ ಸಹಿ ಹಾಕಿದವರೆಲ್ಲ ಪೂರ್ತಿ ಬಾಡಿಗೆಗೆ ಹೊಣೆ. ನಮ್ಮಲ್ಲಿ ಅಂಥ ಪಟ್ಟಿ ಇಲ್ಲ. ಆದರೆ ಇ-ಕೋರ್ಟ್ಸ್ ವೆಬ್‌ಸೈಟಿನಲ್ಲಿ ಹೆಸರು ಹಾಕಿ ಕೇಸು ಹುಡುಕಬಹುದು. ಬಾಡಿಗೆದಾರನ ಹೆಸರನ್ನೂ, ಓನರ್ ಹೆಸರನ್ನೂ. ಮನೆ ನೋಡಲು ಹೋಗುವ ಮೊದಲು ನಾನಂತೂ ಓನರ್ ಹೆಸರು ಹಾಕಿ ನೋಡುತ್ತೇನೆ.

ಕೇಂದ್ರ ಸಂಪುಟ 2021ರ ಜೂನ್ 2ರಂದು ಒಪ್ಪಿದ ಮಾದರಿ ಬಾಡಿಗೆ ಕಾಯ್ದೆಯಲ್ಲೂ ಈ ತಕ್ಕಡಿ ಕಾಣುತ್ತದೆ. ವಾಸದ ಮನೆಗೆ ಡೆಪಾಸಿಟ್ ಎರಡು ತಿಂಗಳು ದಾಟಬಾರದು. ಅದಕ್ಕೆ ಬದಲಾಗಿ ಬಾಡಿಗೆಗೇ ಬೇರೆ ಕೋರ್ಟ್, 60 ದಿನದಲ್ಲಿ ತೀರ್ಮಾನ. ಅವಧಿ ಮುಗಿದ ಮೇಲೂ ಕೂತರೆ ಮೊದಲ ಎರಡು ತಿಂಗಳು ಎರಡು ಪಟ್ಟು ಬಾಡಿಗೆ, ಆಮೇಲೆ ನಾಲ್ಕು ಪಟ್ಟು. ಬಾಡಿಗೆ ವಿಷಯ ರಾಜ್ಯಗಳ ಕೈಯಲ್ಲಿದೆ, ರಾಜ್ಯ ಒಪ್ಪಿ ಕಾನೂನು ಮಾಡಿದರೆ ಮಾತ್ರ ಇದಕ್ಕೆ ಜೀವ. ನನ್ನ ಅನುಮಾನ ಬೇರೆ. ಡೆಪಾಸಿಟ್ ಮಿತಿ ಬಂದು, 60 ದಿನದ ಕೋರ್ಟ್ ಬರೀ ಬೋರ್ಡ್ ಆಗಿ ಉಳಿದರೆ, ಓನರ್‌ಗಳು ಎರಡು ತಿಂಗಳದ್ದು ಚೆಕ್‌ನಲ್ಲಿ, ಉಳಿದದ್ದು ಕ್ಯಾಶಿನಲ್ಲಿ ಕೇಳುತ್ತಾರೆ. ಆಗ ಬಾಡಿಗೆದಾರನ ಕೈಯಲ್ಲಿ ರಸೀದಿಯೂ ಇರುವುದಿಲ್ಲ. ಮೊದಲು ಅಮೀನರ ಸಂಖ್ಯೆ ಹೆಚ್ಚಾಗಲಿ, ಅಮಲ್ಜಾರಿಗೆಂದೇ ಜಡ್ಜ್‌ಗಳು ಕೂರಲಿ, ಸಣ್ಣ ಮೊತ್ತದ ಅಡ್ವಾನ್ಸ್ ತಕರಾರನ್ನು ವಕೀಲರಿಲ್ಲದೆ ಹೇಳಿಕೊಳ್ಳುವ ಜಾಗ ಸಿಗಲಿ. ಡೆಪಾಸಿಟ್ ಮಿತಿ ಆಮೇಲೆ ತಾನಾಗೇ ಪಾಲನೆಯಾಗುತ್ತದೆ.

ಮೇಷ್ಟ್ರ ಮನೆಯಲ್ಲಿ ಕಾಫಿ ಮುಗಿಯುವ ಹೊತ್ತಿಗೆ ಗೇಟಿನ ಹತ್ತಿರ ಇಬ್ಬರು ನಿಂತಿದ್ದರು. ಗಂಡ-ಹೆಂಡತಿ, ಗಂಡನ ಹೆಗಲ ಮೇಲೊಂದು ಮಗು. ಟು-ಲೆಟ್ ಬೋರ್ಡ್ ನೋಡಿ ಬಂದಿದ್ದರು. ಟೈಲರ್ ಬಿಟ್ಟುಹೋದ ಮನೆ ಅದು, ಸುಣ್ಣ ಬಳಿದು ಹೊಸದಾಗಿದೆ. ಮೇಷ್ಟ್ರು ಕವರನ್ನು ಮತ್ತೆ ಬೀರುವಿನಲ್ಲಿಟ್ಟು ಬೀಗ ತಿರುಗಿಸಿ, ಹೊರಗೆ ಹೋಗಿ ಬಾಡಿಗೆ ಹೇಳಿದರು.

"ಅಡ್ವಾನ್ಸ್ ಎಷ್ಟು ಅಂಕಲ್?" ಅಂತ ಆ ಹೆಣ್ಣುಮಗಳು ಕೇಳಿದಳು.

ಟೈಲರ್ ಕಾಲದಲ್ಲಿ ಮೇಷ್ಟ್ರು ಐದು ತಿಂಗಳದ್ದು ತೆಗೆದುಕೊಳ್ಳುತ್ತಿದ್ದರು.

"ಎಂಟು ತಿಂಗಳದ್ದು ಕಣಮ್ಮಾ" ಅಂದರು.